ಜೈಲರ್ ಉತ್ತರ: ಪಂದ್ರಾ ಆಗಸ್ಟಿನ ಪಟ್ಟಿಯಲ್ಲಿ ನಮ್ಮವರ ಹೆಸರಿಲ್ಲ

ಈ ಅಂಕಣಕ್ಕೆ ಸಾಮಾನ್ಯವಾಗಿ ಬರುವುದು ಪೆರೋಲ್, ಮುಲಾಖತ್, ಕೈದಿಯ ಖಾತೆಗೆ ದುಡ್ಡು ಹಾಕುವುದು ಹೇಗೆ ಎಂಬಂಥ ಪ್ರಶ್ನೆಗಳು. ಈ ಸಲ ಸಂಪಾದಕರು ಕಳಿಸಿದ ಕಟ್ಟಿನಲ್ಲಿ ಮುಕ್ಕಾಲು ಪಾಲು ಪತ್ರಗಳು ಜೀವಾವಧಿಯವರ ಬಿಡುಗಡೆ ಬಗ್ಗೆಯೇ. ಪಂದ್ರಾ ಆಗಸ್ಟಿಗೆ, ಅಂದರೆ ಸ್ವಾತಂತ್ರ್ಯ ದಿನಕ್ಕೆ, ಬಿಡುಗಡೆಯ ಪಟ್ಟಿ ಬರುತ್ತದೆಂದು ಎಲ್ಲರೂ ಕಾಯುವುದರಿಂದ ಆಗಸ್ಟ್ ಹತ್ತಿರ ಬಂದರೆ ಹೀಗೆ. ನಾನು ಡ್ಯೂಟಿಯಲ್ಲಿದ್ದಾಗಲೂ ಜುಲೈ ತಿಂಗಳಲ್ಲಿ ಮುಲಾಖತ್ ಜಾಲರಿಯ ಆಚೆ ಈಚೆ ಬೇರೆ ಮಾತೇ ಇರುತ್ತಿರಲಿಲ್ಲ. ಹಾಗಾಗಿ ಈ ಸಂಚಿಕೆಗೆ ಅವುಗಳನ್ನಷ್ಟೇ ಆರಿಸಿಕೊಂಡಿದ್ದೇನೆ. ಪೆರೋಲಿನವರು ಮುಂದಿನ ತಿಂಗಳವರೆಗೆ ತಾಳಿಕೊಳ್ಳಬೇಕು.

ಪ್ರಶ್ನೆ: ನನ್ನ ಮಗಗ ಕೊಲಿ ಕೇಸಿನ್ಯಾಗ ಜೀವಾವಧಿ ಆಗ್ಯಾದ್ರಿ. ಒಳಗ ಹೋಗಿ 14 ವರ್ಷದ ಮ್ಯಾಲ ಎರಡು ತಿಂಗಳಾತು. ಪಂದ್ರಾ ಆಗಸ್ಟಿಗೆ ಬಿಡ್ತಾರಂತ ಹೋದ ವರ್ಷದಿಂದ ಕಾಯಾಕತ್ತೀನಿ, ಪಟ್ಟಿಯೊಳಗ ಹೆಸರ ಬರೂದಿಲ್ಲ. ನಮ್ಮ ಓಣಿ ಹುಡುಗನ್ನ 2022ರಾಗ ಪೂರಾ ಶಿಕ್ಷಾ ಮುಗಿಯೂಕಿಂತ ಮೊದಲ ಬಿಟ್ರು. ಜೈಲಿನ ಕಾಗದದಾಗ ನನ್ನ ಮಗಂದು 17 ವರ್ಷ ಅಂತ ಬರದಾರಂತ ಮೊಮ್ಮಗ ಓದಿ ಹೇಳಿದ. ಮತ್ತ ಯಾಕ ಬಿಡವಲ್ರು?
— ಒಬ್ಬ ತಾಯಿ, ಸಿಂದಗಿ ತಾಲ್ಲೂಕು (ಮೊಮ್ಮಗನ ಕೈಯಲ್ಲಿ ಬರೆಸಿದ ಪತ್ರ)

ಉತ್ತರ: ಅವ್ವಾ, ಕಹಿ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಜೀವಾವಧಿ ಎಂದರೆ ಉಸಿರು ಇರುವ ತನಕ. 14 ವರ್ಷ ಎಂದು ಊರೆಲ್ಲ ಹೇಳುತ್ತದೆ, ಸಿನಿಮಾದವರೂ ಹೇಳುತ್ತಾರೆ, ಕಾನೂನು ಹೇಳುವುದಿಲ್ಲ. ಗಾಂಧಿ ಹತ್ಯೆ ಕೇಸಿನಲ್ಲಿ ಜೀವಾವಧಿ ಆಗಿದ್ದ ಗೋಪಾಲ ಗೋಡ್ಸೆ, ಮಾಫಿ ದಿನಗಳನ್ನು (ಶಿಕ್ಷೆಯಲ್ಲಿ ಕಡಿತ ಸಿಕ್ಕ ದಿನಗಳನ್ನು) ಸೇರಿಸಿದರೆ ತನ್ನದು 20 ವರ್ಷ ಮೀರಿದೆ, ಬಿಡಿ ಎಂದು ಸುಪ್ರೀಂ ಕೋರ್ಟಿಗೆ ಹೋಗಿದ್ದ. 1961ರಲ್ಲಿ ಕೋರ್ಟ್ ಇಲ್ಲ ಎಂದಿತು. ಆತ ಹೊರಗೆ ಬಂದದ್ದು 1964ರಲ್ಲಿ, ಸರಕಾರ ಬಿಟ್ಟ ಮೇಲೆ. ಕೋರ್ಟು ಶಿಕ್ಷೆ ಕೊಡುತ್ತದೆ, ಅವಧಿಗೆ ಮೊದಲು ಬಿಡುವ ಅಧಿಕಾರ ಸರಕಾರದ್ದು. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಮನೆಯವರು ವಕೀಲರ ಹಿಂದೆ ಸುತ್ತಿ ದುಡ್ಡು ಕಳೆದುಕೊಂಡದ್ದನ್ನು ನೋಡಿದ್ದೇನೆ.

ಹಾಗಾದರೆ ಈ 14 ಎಲ್ಲಿಂದ ಬಂತು? 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ 433-ಎ ಎಂಬ ಕಲಂ ಸೇರಿಸಿದರು. ಗಲ್ಲು ಕೊಡಬಹುದಾದಂಥ ಅಪರಾಧಕ್ಕೆ ಜೀವಾವಧಿ ಬಿದ್ದವನನ್ನು 14 ವರ್ಷ ಒಳಗೆ ಇರಿಸದೆ ಬಿಡಬಾರದು ಎಂಬುದು ಅದರ ತಿರುಳು. 2024ರ ಜುಲೈ 1ರಿಂದ ಅದರ ಬದಲಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ಮಾತು 475ನೇ ಕಲಂನಲ್ಲಿದೆ. 14ಕ್ಕೆ ಮೊದಲು ಬಾಗಿಲು ತೆಗೆಯಬೇಡಿ ಎಂದು ಅದು ಹೇಳುತ್ತದೆ. 14 ಆದ ಮಾರನೇ ದಿನ ತೆಗೆಯಿರಿ ಎಂದು ಎಲ್ಲೂ ಹೇಳಿಲ್ಲ. ನಿಮ್ಮ ಮಗನಿಗೆ ಈಗ ಪಾಳಿಯಲ್ಲಿ ನಿಲ್ಲುವ ಚೀಟಿ ಸಿಕ್ಕಿದೆ, ಅಷ್ಟೇ.

ಅದೂ ನಿಜವಾಗಿ ಸಿಕ್ಕಿದೆಯೋ ಇಲ್ಲವೋ, ಲೆಕ್ಕ ಹಾಕೋಣ. ಮೊಮ್ಮಗ ಓದಿದ ಕಾಗದಕ್ಕೆ ನಾಮಿನಲ್ ರೋಲ್ ಅನ್ನುತ್ತಾರೆ. ಅದರಲ್ಲಿ ಎರಡು ಲೆಕ್ಕ ಇರುತ್ತವೆ: ನಿಜವಾಗಿ ಒಳಗೆ ಕಳೆದ ದಿನಗಳದ್ದೊಂದು, ಮಾಫಿ ಸೇರಿಸಿದ್ದು ಇನ್ನೊಂದು. ಕೆಲಸ ಮಾಡಿದ್ದಕ್ಕೆ, ಜಗಳವಿಲ್ಲದೆ ಇದ್ದದ್ದಕ್ಕೆ ಸಿಗುವ ರೆಮಿಷನ್ನೇ ಮಾಫಿ. 17 ಎಂದು ಬರೆದಿರುವುದು ಆ ಎರಡನೆಯ ಲೆಕ್ಕ. ಕೊಲೆ ಕೇಸಿನವರಿಗೆ ನೋಡುವುದು ಮೊದಲನೆಯದನ್ನು. ವಿಚಾರಣೆ ನಡೆಯುವಾಗ ಒಳಗಿದ್ದ ದಿನಗಳು ಅದಕ್ಕೆ ಸೇರುತ್ತವೆ. ಜಾಮೀನಿನ ಮೇಲೆ ಹೊರಗಿದ್ದ ದಿನಗಳು ಸೇರುವುದಿಲ್ಲ. ಪೆರೋಲ್ ಮೇಲೆ ಊರಿಗೆ ಬಂದದ್ದೂ ಸೇರುವುದಿಲ್ಲ ಎಂದು ಗೋವಾದ ಕೈದಿಗಳ ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಂಗಿಯ ಮದುವೆಗೆ ಬಂದಿದ್ದನೇ? ಅಪ್ಪ ತೀರಿಕೊಂಡಾಗ? ಮನೆಯ ಮಾಳಿಗೆ ಬಿದ್ದಾಗ? ಕೂತು ಎಣಿಸಿ. ಮೂರು ಸಲ ಒಂದೊಂದು ತಿಂಗಳು ಬಂದಿದ್ದರೆ ನಿಮ್ಮ ಎರಡು ತಿಂಗಳು ಅಲ್ಲೇ ಕರಗಿಹೋಯಿತು. 14 ಇನ್ನೂ ತುಂಬಿಲ್ಲ ಎಂದಾಗುತ್ತದೆ.

ಓಣಿಯ ಹುಡುಗನ ವಿಷಯ ಬೇರೆ. ಅದು ಸ್ವಾತಂತ್ರ್ಯದ ಅಮೃತ ಮಹೋತ್ಸವದ ವಿಶೇಷ ಮಾಫಿ. 2022ರ ಆಗಸ್ಟ್, 2023ರ ಜನವರಿ, ಅದೇ ವರ್ಷದ ಆಗಸ್ಟ್ ಎಂದು ಮೂರು ಕಂತಿನಲ್ಲಿ ಕೊಟ್ಟರು. ಜೀವಾವಧಿಯವರನ್ನು ಅದರಿಂದ ಹೊರಗೇ ಇಟ್ಟಿದ್ದರು.

ಈಗ ಫೈಲಿನ ದಾರಿ ಹೇಳುತ್ತೇನೆ. ಅವಧಿ ತುಂಬಿದವರ ಪಟ್ಟಿ ಜೈಲಿನಲ್ಲೇ ತಯಾರಾಗುತ್ತದೆ. ತೀರ್ಪಿನ ಪ್ರತಿ, ನಾಮಿನಲ್ ರೋಲ್, ನಡತೆ, ಮಾಡಿದ ಕೆಲಸ, ಪೊಲೀಸರ ವರದಿ, ಪ್ರೊಬೇಷನ್ ಅಧಿಕಾರಿಯ ವರದಿ, ಶಿಕ್ಷೆ ಕೊಟ್ಟ ಕೋರ್ಟಿನ ಅಭಿಪ್ರಾಯ, ಎಲ್ಲ ಕೂಡಿ ಒಂದು ಕಟ್ಟು. ಅದು ಸಮಿತಿಯ ಮುಂದೆ ಹೋಗಿ, ಗೃಹ ಇಲಾಖೆ ದಾಟಿ, ಸಚಿವ ಸಂಪುಟದಲ್ಲಿ ಒಪ್ಪಿಗೆಯಾಗಿ, ರಾಜ್ಯಪಾಲರ ಅಂಕಿತಕ್ಕೆ ಹೋಗುತ್ತದೆ. ಇದರಲ್ಲಿ ಒಂದು ಹಾಳೆ ಕಡಿಮೆಯಾದರೂ ಕಟ್ಟು ವಾಪಸ್.

ನಾನು ಅತಿ ಹೆಚ್ಚು ಸಲ ನೋಡಿದ ತೊಡಕು ಯಾವುದು ಗೊತ್ತೇ? ಮನೆಗೆ ಬೀಗ. ಪ್ರೊಬೇಷನ್ ಅಧಿಕಾರಿ ಊರಿಗೆ ಹೋದಾಗ ಮನೆಮಂದಿಯೆಲ್ಲ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿರುತ್ತಾರೆ, ಇಲ್ಲವೇ ಗೋವಾದಲ್ಲಿ ಗಾರೆ ಕೆಲಸಕ್ಕೆ. ಪಕ್ಕದ ಮನೆಯವರು ಯಾಕೆ ಬೇಕು ಉಸಾಬರಿ ಎಂದು ಬಾಯಿ ಬಿಡುವುದಿಲ್ಲ. ವರದಿಯಲ್ಲಿ ಒಂದೇ ಸಾಲು ಬರುತ್ತದೆ: ‘ಬಂದಿಗೆ ಆಶ್ರಯ ನೀಡುವವರು ಇರುವುದು ಕಂಡುಬಂದಿಲ್ಲ.’ ಆ ಒಂದು ಸಾಲಿಗೆ ಒಂದು ವರ್ಷ ಹೋಗುತ್ತದೆ. ಆದ್ದರಿಂದ ಅವ್ವಾ, ಗುಳೆ ಹೋಗುವುದಿದ್ದರೆ ಪಂಚಾಯಿತಿಯಲ್ಲೋ ನಂಬಿಗಸ್ತ ನೆರೆಯವರಲ್ಲೋ ಹೇಳಿ, ಫೋನ್ ನಂಬರ್ ಕೊಟ್ಟು ಹೋಗಿ.

ತಪ್ಪೆಲ್ಲ ಬೇರೆಯವರದೇ ಎಂದು ಬರೆದರೆ ನನ್ನ ಆತ್ಮ ಒಪ್ಪುವುದಿಲ್ಲ. ಒಮ್ಮೆ ಒಂದು ಕಟ್ಟು ನನ್ನ ಮೇಜಿನ ಮೇಲೆಯೇ ಐದು ತಿಂಗಳು ಕೂತಿತ್ತು. ತೀರ್ಪಿನ ದೃಢೀಕೃತ ಪ್ರತಿ ಬಂದಿಲ್ಲ ಎಂದು ತೆಗೆದಿಟ್ಟೆ, ಮಗಳ ಮದುವೆಗೆ ರಜೆ ಹಾಕಿದೆ, ಬಂದ ಮೇಲೆ ಅದರ ಮೇಲೆ ಇನ್ನೊಂದು ಕಟ್ಟು ಬಿದ್ದಿತ್ತು. ನನಗೆ ನೆನಪಾಗುವಷ್ಟರಲ್ಲಿ ಜನವರಿ 26 ದಾಟಿತ್ತು. ಆ ಮನುಷ್ಯ ನೇಕಾರಿಕೆ ವಿಭಾಗದಲ್ಲಿ ಟವೆಲ್ ನೇಯುತ್ತಿದ್ದ. ಮಾರ್ಚಿನಲ್ಲಿ ಅವನ ತಂದೆ ತೀರಿಕೊಂಡರು. ಬೆಂಗಾವಲಿನಲ್ಲಿ ಮಣ್ಣಿಗೆ ಹೋಗಿ ಬಂದ. ಆಗಸ್ಟಿನಲ್ಲಿ ಬಿಡುಗಡೆಯಾದಾಗ ‘ಬರ್ತೀನಿ ಸಾಹೇಬ್ರ’ ಎಂದು ಕೈಮುಗಿದು ಹೋದ. ಕಟ್ಟು ಎಲ್ಲಿ ಕೂತಿತ್ತು ಎಂಬುದು ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಈಗ ಕಾಲ ಸ್ವಲ್ಪ ಬದಲಾಗಿದೆ. 2025ರ ಫೆಬ್ರುವರಿ 18ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ಪ್ರಕಾರ, ಬಿಡುಗಡೆಯ ನೀತಿ ಇರುವ ರಾಜ್ಯಗಳಲ್ಲಿ ಅರ್ಹತೆ ಬಂದ ಕೈದಿಯ ಫೈಲನ್ನು ಸರಕಾರ ತಾನಾಗಿಯೇ ನೋಡಬೇಕು. ಕೈದಿ ಅರ್ಜಿ ಹಾಕಲಿಲ್ಲ ಎಂಬ ನೆಪ ನಡೆಯುವುದಿಲ್ಲ. ಬಿಡುವುದಿಲ್ಲ ಎಂದರೆ ಕಾರಣ ಬರೆದು ತಿಳಿಸಬೇಕು, ಅದನ್ನು ಪ್ರಶ್ನಿಸುವ ಹಕ್ಕಿದೆ ಎಂದೂ ಹೇಳಬೇಕು. ಇದರ ಮೇಲೆ ಕಣ್ಣಿಡುವ ಕೆಲಸವನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ವಹಿಸಿದ್ದಾರೆ. ಮೊಮ್ಮಗನನ್ನು ಕರೆದುಕೊಂಡು ವಿಜಯಪುರದ ಕೋರ್ಟಿಗೆ ಹೋಗಿ, ಪ್ರಾಧಿಕಾರದ ಕಚೇರಿ ಎಲ್ಲಿ ಎಂದು ಕೇಳಿ. ಅಲ್ಲಿ ಫೀಸು ಇಲ್ಲ. ಹೋಗಲಾಗದಿದ್ದರೆ 15100ಕ್ಕೆ ಫೋನ್ ಮಾಡಿಸಿ. ಮಗನ ಸಿ.ಟಿ.ಪಿ. ನಂಬರ್ (ಶಿಕ್ಷೆಯಾದ ಕೈದಿಗೆ ಜೈಲಿನವರು ಕೊಡುವ ನಂಬರ್), ಶಿಕ್ಷೆಯಾದ ತಾರೀಖು, ಕೋರ್ಟಿನ ಹೆಸರು, ಇವು ಮೂರು ಒಂದು ಚೀಟಿಯಲ್ಲಿ ಬರೆದಿರಲಿ. ಶಿಕ್ಷೆಯಾದ ತಾರೀಖು ಯಾಕೆಂದರೆ, ಆ ದಿನ ಜಾರಿಯಲ್ಲಿದ್ದ ನೀತಿಯೇ ಅವನಿಗೆ ಲಾಗೂ ಆಗುತ್ತದೆ. ಮುಂದೆ ಬಂದ ನೀತಿ ಅದಕ್ಕಿಂತ ಉದಾರವಾಗಿದ್ದರೆ ಅದರ ಲಾಭವೂ ಸಿಗಬೇಕು. ಹರಿಯಾಣದ ಪ್ರಕರಣವೊಂದರಲ್ಲಿ 2010ರಲ್ಲೇ ಇದು ತೀರ್ಮಾನವಾಗಿದೆ.

ಪ್ರಶ್ನೆ: ನಮ್ಮ ಭಾವನವರ ಫೈಲ್ ಮೂವ್ ಮಾಡಿಸಿಕೊಡುತ್ತೇನೆಂದು ಒಬ್ಬರು ಎರಡು ಲಕ್ಷ ಕೇಳುತ್ತಿದ್ದಾರೆ. ವಿಧಾನಸೌಧದಲ್ಲಿ ಪರಿಚಯವಿದೆಯಂತೆ. ಕೊಡಬಹುದೇ?
— ಹೆಸರು ಬೇಡ, ಚಿತ್ರದುರ್ಗ

ಉತ್ತರ: ಬೇಡ. ಈ ಜನರ ಕಸುಬು ಬಹಳ ಸರಳ. ಅವಧಿ ತುಂಬಿದ ಹತ್ತು ಮನೆಯವರಿಂದ ದುಡ್ಡು ಎತ್ತುತ್ತಾರೆ, ಏನೂ ಮಾಡದೆ ಸುಮ್ಮನೆ ಕೂರುತ್ತಾರೆ. ಹತ್ತರಲ್ಲಿ ಮೂವರು ತಾವಾಗಿಯೇ ಬಿಡುಗಡೆಯಾಗುತ್ತಾರೆ, ನಾನೇ ಮಾಡಿಸಿದ್ದು ಎಂದು ಸಿಹಿ ತಿನ್ನುತ್ತಾರೆ. ಉಳಿದ ಏಳು ಮಂದಿಗೆ ‘ಮುಂದಿನ ಜನವರಿ 26ಕ್ಕೆ ಗ್ಯಾರಂಟಿ’. ಆ ಎರಡು ಲಕ್ಷ ಭಾವನವರು ಹೊರಗೆ ಬಂದ ದಿನಕ್ಕೆ ಇರಲಿ.

ಪ್ರಶ್ನೆ: ‘ರೆಮಿಷನ್ ಇಲ್ಲದ ಜೀವಾವಧಿ’ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಐಪಿಸಿಯಲ್ಲಿ ಅಂಥ ಶಿಕ್ಷೆ ಇರಲೇ ಇಲ್ಲವಲ್ಲ, ಎಲ್ಲಿಂದ ಬಂತು?
— ಕಾನೂನು ವಿದ್ಯಾರ್ಥಿನಿ, ಮೈಸೂರು

ಉತ್ತರ: ನಮ್ಮ ಬೆಂಗಳೂರಿನಿಂದ ಬಂತು, ತಂಗಿ! ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳನ್ನು 1991ರಲ್ಲಿ ಆಕೆಯ ಎರಡನೆಯ ಗಂಡ ಶ್ರದ್ಧಾನಂದ ಕೊಂದು ಮನೆಯ ಆವರಣದಲ್ಲೇ ಹೂತಿದ್ದ. 1994ರಲ್ಲಿ ಅಗೆದು ತೆಗೆದರು. ಇಲ್ಲಿನ ಕೋರ್ಟುಗಳು ಗಲ್ಲು ಎಂದವು. ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳಿಗೆ ಒಮ್ಮತ ಬರಲಿಲ್ಲ, ಒಬ್ಬರು ಗಲ್ಲು ಎಂದರು, ಇನ್ನೊಬ್ಬರು ಬೇಡ ಎಂದರು. ಮೂವರ ಪೀಠಕ್ಕೆ ಹೋಯಿತು. ಗಲ್ಲು ಅತಿಯಾದ ಶಿಕ್ಷೆ ಎನಿಸಿತು, ಆದರೆ ಜೀವಾವಧಿ ಕೊಟ್ಟರೆ 14ಕ್ಕೆ ಬಿಟ್ಟುಬಿಡುತ್ತಾರೆ ಎಂಬ ಇಕ್ಕಟ್ಟು. 2008ರಲ್ಲಿ ಆ ಪೀಠ ನಡುವಿನ ದಾರಿ ತೆಗೆಯಿತು: ಸಾಯುವ ತನಕ ಜೈಲು, ರೆಮಿಷನ್ ಇಲ್ಲ. 2015ರಲ್ಲಿ ಐವರ ಸಂವಿಧಾನ ಪೀಠ ಮೂರಕ್ಕೆ ಎರಡರಂತೆ ಅದನ್ನು ಎತ್ತಿಹಿಡಿಯಿತು. ಆದರೆ ಹಾಗೆ ಕೊಡುವ ಅಧಿಕಾರ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿಗೆ ಮಾತ್ರ, ಸೆಷನ್ಸ್ ಕೋರ್ಟಿಗಿಲ್ಲ. ರಾಷ್ಟ್ರಪತಿ, ರಾಜ್ಯಪಾಲರಿಗೆ ಸಂವಿಧಾನದ 72 ಮತ್ತು 161ನೇ ವಿಧಿಯಲ್ಲಿರುವ ಕ್ಷಮಾದಾನವನ್ನೂ ಅದು ಮುಟ್ಟುವುದಿಲ್ಲ.

ನನ್ನ ಅಭಿಪ್ರಾಯ ಕೇಳಿಲ್ಲ, ಆದರೂ ಹೇಳುತ್ತೇನೆ. ಬ್ಯಾರಕ್ಕಿನಲ್ಲಿ ಎಲ್ಲರನ್ನೂ ಹದ್ದಿನಲ್ಲಿಡುವುದು ನನ್ನ ಲಾಠಿ ಅಲ್ಲ, ಮುಂದೊಂದು ದಿನ ಬಿಡುತ್ತಾರೆ ಎಂಬ ಆಸೆ. ಆ ಆಸೆಯೇ ಇಲ್ಲದವನನ್ನು ಕಾಯುವ ವಾರ್ಡರನ ಗತಿ ಏನು ಎಂದು ಆ ಕುರ್ಚಿಯಲ್ಲಿ ಕೂತವರು ಯೋಚಿಸಿದ್ದಾರೋ ಇಲ್ಲವೋ.

ಪ್ರಶ್ನೆ: ನಮ್ಮಣ್ಣನಿಗೆ ಕೊಲ್ಹಾಪುರದ ಕೋರ್ಟಿನಲ್ಲಿ ಶಿಕ್ಷೆಯಾಗಿ ಕಳಂಬಾ ಜೈಲಿನಲ್ಲಿದ್ದಾನೆ. ನಾವು ಕರ್ನಾಟಕದವರು, ಬೆಳಗಾವಿಯ ಹಿಂಡಲಗಾ ಜೈಲಿಗೆ ವರ್ಗ ಮಾಡಿಸಿಕೊಂಡರೆ ಇಲ್ಲಿನ ಸರಕಾರವೇ ಬಿಡಬಹುದೇ?
— ನಿಪ್ಪಾಣಿ ಓದುಗ

ಉತ್ತರ: ವರ್ಗ ಆದರೆ ಮುಲಾಖತ್‌ಗೆ ಅನುಕೂಲ, ಬಸ್ ಚಾರ್ಜು ಉಳಿಯಬಹುದು. ಬಿಡುಗಡೆ ಮಾತ್ರ ಮಹಾರಾಷ್ಟ್ರದ ಕೈಯಲ್ಲೇ. ಯಾವ ರಾಜ್ಯದ ಕೋರ್ಟು ಶಿಕ್ಷೆ ಕೊಟ್ಟಿತೋ ಆ ರಾಜ್ಯದ ಸರಕಾರವೇ ತೀರ್ಮಾನಿಸಬೇಕು. ಬಿಲ್ಕಿಸ್ ಬಾನೊ ಪ್ರಕರಣ (2002ರ ಗಲಭೆಯ ಸಾಮೂಹಿಕ ಅತ್ಯಾಚಾರ, ಕೊಲೆ ಕೇಸು) ನೆನಪಿರಬೇಕಲ್ಲ. ಅಪರಾಧ ನಡೆದದ್ದು ಗುಜರಾತಿನಲ್ಲಿ, ವಿಚಾರಣೆ ಮುಂಬೈಯಲ್ಲಿ. 2022ರ ಆಗಸ್ಟ್ 15ರಂದು ಗುಜರಾತ್ ಸರಕಾರ 11 ಮಂದಿಯನ್ನು ಬಿಟ್ಟಿತು, ಹೂಮಾಲೆ ಹಾಕಿ ಬರಮಾಡಿಕೊಂಡರು. 2024ರ ಜನವರಿ 8ರಂದು ಸುಪ್ರೀಂ ಕೋರ್ಟ್, ನಿಮಗೆ ಆ ಅಧಿಕಾರವೇ ಇರಲಿಲ್ಲ ಎಂದು ಆದೇಶ ರದ್ದು ಮಾಡಿತು. ಎರಡು ವಾರದ ಗಡುವು ಮುಗಿಯುವ ಹೊತ್ತಿಗೆ, ಜನವರಿ 21ರ ರಾತ್ರಿ, ಎಲ್ಲರೂ ಗೋಧ್ರಾ ಸಬ್ ಜೈಲಿಗೆ ಮರಳಿದರು. ನಿಮ್ಮಣ್ಣನ ಅರ್ಜಿಯನ್ನು ಮರಾಠಿಯಲ್ಲೇ ಬರೆಸಿ.

ಪ್ರಶ್ನೆ: ಕೊಲೆಗಾರರನ್ನು ‘ಸನ್ನಡತೆ’ ಎಂದು ಬಿಡುವುದು ಯಾವ ನ್ಯಾಯ? ಹೊರಗೆ ಬಂದು ಮತ್ತೆ ಅದೇ ಕೆಲಸ ಮಾಡುವುದಿಲ್ಲವೇ?
— ನಿವೃತ್ತ ಶಿಕ್ಷಕರು, ಹೊಸಪೇಟೆ

ಉತ್ತರ: ಮೇಷ್ಟ್ರೇ, ಕಳ್ಳರು ನಮ್ಮಲ್ಲಿಗೆ ವಾಪಸ್ ಬರುತ್ತಿದ್ದರು, ಹಬ್ಬಕ್ಕೆ ತವರಿಗೆ ಬಂದ ಹಾಗೆ. ಜೀವಾವಧಿಯಲ್ಲಿ 15-16 ವರ್ಷ ಕಳೆದು ಹೋದವರಲ್ಲಿ ಇನ್ನೊಂದು ಕೊಲೆ ಮಾಡಿ ಬಂದವನನ್ನು ನಾನಂತೂ ನೋಡಲಿಲ್ಲ. ಅವರಲ್ಲಿ ಬಹಳ ಮಂದಿ ಹೊಲದ ಬದು, ಹೆಂಡ, ಸಂಶಯ, ಹೀಗೆ ಒಂದು ಸಂಜೆಯ ಸಿಟ್ಟಿಗೆ ಒಳಗೆ ಬಂದವರು. ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಕೈದಿಗಳಿಂದ ನಾಟಕ ಆಡಿಸುತ್ತಿದ್ದಾಗ ರಾಜನ ಪಾತ್ರ ಹಾಕಿದವರು ಇಂಥವರೇ. ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಬಯಲು ಬಂದೀಖಾನೆ ಇದೆ (ಕಂಪ್ಯೂಟರಿನವರ ಕೋರಮಂಗಲ ಅಲ್ಲ). ಅಲ್ಲಿ ಕೈದಿಗಳು ಬೇಸಾಯ ಮಾಡುತ್ತಾರೆ.

ನನಗೆ ಹೆದರಿಕೆ ಇದ್ದದ್ದು ಅವರು ಏನು ಮಾಡಿಯಾರು ಎಂದಲ್ಲ, ಹೇಗೆ ಬದುಕಿಯಾರು ಎಂದು. 2017ರಲ್ಲಿ ಬಿಡುಗಡೆಯಾದ ಒಬ್ಬಾತ ಎರಡೇ ವಾರಕ್ಕೆ ಜೈಲಿನ ಗೇಟಿಗೆ ಬಂದು ನನ್ನನ್ನು ಕೇಳಿದ. ಅವನ ತಾಯಿ ಸಾಯುವ ಮುಂಚೆ ಮಗನಿಗೆಂದು ಡಬ್ಬಿಯಲ್ಲಿ ದುಡ್ಡು ಇಟ್ಟಿದ್ದಳು. ಎಲ್ಲ ಹಳೆಯ 500ರ ನೋಟು. ‘ಬ್ಯಾಂಕಿನವರು ನಗ್ತಾರೆ ಸಾರ್, ನೀವೊಂದು ಕಾಗದ ಕೊಡಿ’ ಎಂದ. ನಾನೇನು ಕೊಡಲಿ?

ಇನ್ನೊಬ್ಬಾಕೆ ಹೊರಗೆ ಹೋದದ್ದು ಶಕ್ತಿ ಯೋಜನೆ ಬಂದ ವರ್ಷ, 2023ರಲ್ಲಿ. ಸರಕಾರಿ ಬಸ್ಸಿನಲ್ಲಿ ದುಡ್ಡು ಕೊಡಲು ಹೋದರೆ ಕಂಡಕ್ಟರ್, ‘ದುಡ್ಡು ಬೇಡಮ್ಮ, ಕಾರ್ಡು ತೋರ್ಸಿ’ ಅಂದನಂತೆ. ಆಕೆಯ ಹತ್ತಿರ ಇದ್ದ ಕಾಗದ ಒಂದೇ, ಬಿಡುಗಡೆ ಪತ್ರ. ಅದನ್ನೇ ಕೇಳುತ್ತಿದ್ದಾನೆ ಎಂದುಕೊಂಡು ತೆಗೆದುಕೊಟ್ಟಳು. ಅವನು ಗಟ್ಟಿಯಾಗಿ ಓದಲು ಶುರು ಮಾಡಿದ. ಆಕೆ ಮುಂದಿನ ಸ್ಟಾಪಿನಲ್ಲಿ ಇಳಿದು ಎರಡು ತಾಸು ಕಾದು ಪ್ರೈವೇಟ್ ಬಸ್ಸು ಹತ್ತಿದಳು. ಈಗ ಜೈಲಿನ ಕೂಲಿ ಮೊದಲಿನಂತೆ ಪುಡಿಗಾಸಲ್ಲ, ದಿನಕ್ಕೆ 524ರಿಂದ 663 ರೂಪಾಯಿವರೆಗೆ ಏರಿಸಿದ್ದಾರೆ. ಖಾತೆಯಲ್ಲಿ ಸ್ವಲ್ಪ ಕಾಸು ಇರುತ್ತದೆ. ಆಧಾರ್ ಕಾರ್ಡನ್ನೂ ಒಳಗಿರುವಾಗಲೇ ಮಾಡಿಸಿ ಕಳಿಸಿದರೆ ಎಷ್ಟೋ ಮರ್ಯಾದೆ ಉಳಿಯುತ್ತದೆ.

ಪ್ರಶ್ನೆ: ಸಂಪುಟ ಒಪ್ಪಿದರೂ ರಾಜ್ಯಪಾಲರು ಸಹಿ ಹಾಕದಿದ್ದರೆ?
— ಓದುಗರು, ತುಮಕೂರು

ಉತ್ತರ: ರಾಜೀವ್ ಗಾಂಧಿ ಹತ್ಯೆ ಕೇಸಿನ ಕೈದಿ ಪೇರರಿವಾಳನ್ ಪ್ರಕರಣ ನೋಡಿ. ತಮಿಳುನಾಡು ಸಂಪುಟ ಶಿಫಾರಸು ಮಾಡಿದ್ದು 2018ರ ಸೆಪ್ಟೆಂಬರಿನಲ್ಲಿ, ಆತನಿಗೆ ಪೂರ್ತಿ ಬಿಡುಗಡೆ ಸಿಕ್ಕಿದ್ದು 2022ರ ಮೇ 18ರಂದು, ಅದೂ ಸುಪ್ರೀಂ ಕೋರ್ಟ್ ತನಗಿರುವ ವಿಶೇಷ ಅಧಿಕಾರದ 142ನೇ ವಿಧಿ ಬಳಸಿ ಬಿಟ್ಟಾಗ. ಸಂಪುಟದ ಸಲಹೆಗೆ ರಾಜ್ಯಪಾಲರು ಬದ್ಧರು ಎಂದು ಕೋರ್ಟ್ ಆಗ ಸ್ಪಷ್ಟವಾಗಿ ಹೇಳಿತು.

ಪ್ರಶ್ನೆ: ನನ್ನ ತಂದೆಯನ್ನು ಕೊಂದವನು ಬಿಡುಗಡೆಯಾಗುತ್ತಾನೆ ಎಂದು ಊರಲ್ಲಿ ಸುದ್ದಿ. ಆಗ ನನಗೆ ಒಂಬತ್ತು ವರ್ಷ. ನೀವು ಪ್ರತಿ ತಿಂಗಳು ಒಳಗಿರುವವರ ಮನೆಯವರಿಗೆ ದಾರಿ ಹೇಳುತ್ತೀರಿ. ನಮ್ಮನ್ನು ಯಾರು ಕೇಳುತ್ತಾರೆ?
— ಒಬ್ಬ ಮಗಳು, ಹಾಸನ ಜಿಲ್ಲೆ

ಉತ್ತರ: ಮಗಳೇ, ನಿಮ್ಮ ಪತ್ರಕ್ಕೆ ಉತ್ತರ ಬರೆಯಲು ನಾಲ್ಕು ದಿನ ತೆಗೆದುಕೊಂಡೆ.

ನಿಜ ಹೇಳಬೇಕೆಂದರೆ, ನಾನು ಕಟ್ಟಿದ ಫೈಲುಗಳಲ್ಲಿ ನಿಮ್ಮಂಥವರ ಮಾತಿಗೆಂದು ಒಂದು ಹಾಳೆ ಇರಲಿಲ್ಲ. ಪೊಲೀಸ್ ವರದಿಯಲ್ಲಿ ‘ಮೃತನ ಕುಟುಂಬದವರ ಆಕ್ಷೇಪಣೆ ಇರುತ್ತದೆ’ ಅಥವಾ ‘ಇರುವುದಿಲ್ಲ’ ಎಂದು ಒಂದು ಸಾಲು ಬರುತ್ತಿತ್ತು. ಆ ಸಾಲು ಬರೆಯುವ ಮುಂಚೆ ಯಾರಾದರೂ ಮನೆಗೆ ಹೋಗಿ ಕೂತು ಕೇಳಿದ್ದರೇ, ಇಲ್ಲ ಠಾಣೆಯಲ್ಲೇ ಕೂತು ಬರೆದಿದ್ದರೇ, ನಾನು ವಿಚಾರಿಸಲು ಹೋಗುತ್ತಿರಲಿಲ್ಲ. ಬಿಡುವ ಮುನ್ನ ಏನೇನು ನೋಡಬೇಕು ಎಂದು 2000ದಲ್ಲಿ ಲಕ್ಷ್ಮಣ ನಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಐದು ಅಂಶ ಹೇಳಿದೆ: ಅಪರಾಧ ಸಮಾಜವನ್ನೇ ತಟ್ಟುವಂಥದೋ ಅಲ್ಲವೋ, ಮತ್ತೆ ಮಾಡುವ ಸಂಭವವಿದೆಯೋ, ಮಾಡುವ ತಾಕತ್ತು ಉಳಿದಿದೆಯೋ, ಇನ್ನೂ ಒಳಗಿಟ್ಟು ಪ್ರಯೋಜನವೇನು, ಅವನ ಕುಟುಂಬದ ಸ್ಥಿತಿಗತಿ ಏನು. ಐದನೆಯದರಲ್ಲಿ ಅವನ ಕುಟುಂಬ ಇದೆ. ನಿಮ್ಮದು ಐದರಲ್ಲೂ ಇಲ್ಲ.

ಆದರೂ ನಿಮಗೆ ದಾರಿ ಇಲ್ಲದಿಲ್ಲ. ಬಿಲ್ಕಿಸ್ ಬಾನೊ ತಾವೇ ಅರ್ಜಿ ಹಾಕಿದ್ದರು, ನೊಂದವಳ ಅರ್ಜಿಯನ್ನು ಕೋರ್ಟ್ ಕೇಳಿತು. ಆದೇಶ ಹೊರಡುವ ಮುಂಚೆಯೇ ನೀವು ಹೇಳುವುದನ್ನು ಹೇಳಿಬಿಡಿ. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಒಂದು ಪತ್ರ, ಅವನಿರುವ ಜೈಲಿನ ಅಧೀಕ್ಷಕರಿಗೆ ಒಂದು, ಗೃಹ ಇಲಾಖೆಗೆ ಒಂದು. ‘ಬಿಡಬೇಡಿ’ ಎಂದಷ್ಟೇ ಬರೆದರೆ ಆ ಒಂದು ಸಾಲಿನ ವರದಿಯ ಹಾಗೆಯೇ ಆಗುತ್ತದೆ. ಅವನ ಮನೆ ನಿಮ್ಮ ಮನೆಯಿಂದ ಎಷ್ಟು ದೂರ, ಪೆರೋಲ್ ಮೇಲೆ ಬಂದಾಗ ಏನಾದರೂ ಅಂದನೇ, ಸಾಕ್ಷಿ ಹೇಳಿದವರು ಇನ್ನೂ ಅದೇ ಬೀದಿಯಲ್ಲಿದ್ದಾರೆಯೇ, ನಿಮ್ಮ ತಾಯಿ ಒಬ್ಬರೇ ಇರುತ್ತಾರೆಯೇ, ಇವನ್ನು ಬರೆಯಿರಿ. ಬಿಡುವುದೇ ಆದರೆ ನಮ್ಮ ಬೀದಿಗೆ ಬರಬಾರದು, ಇಂತಿಷ್ಟು ಕಾಲ ಠಾಣೆಗೆ ಹಾಜರಾಗಬೇಕು ಎಂಬಂಥ ಷರತ್ತುಗಳನ್ನೂ ಕೇಳಬಹುದು. ಸರಕಾರಕ್ಕೆ ಷರತ್ತು ಹಾಕುವ ಅಧಿಕಾರವಿದೆ. ಬರೆಯಲು ಸಹಾಯ ಬೇಕಿದ್ದರೆ ಹಾಸನದ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಸಿಂದಗಿಯ ಆ ತಾಯಿಗೆ ಹೇಳಿದ ಪ್ರಾಧಿಕಾರವೇ, ಅದೇ 15100.

ಕ್ಷಮಿಸಿ ಎಂದು ನಾನು ನಿಮಗೆ ಹೇಳುವುದಿಲ್ಲ. ಆ ಮಾತು ಆಡುವ ಯೋಗ್ಯತೆ ಜೈಲರಿಗೆ ಇಲ್ಲ. ಪತ್ರಗಳನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಕೈಯಾರೆ ಕೊಡುವುದಾದರೆ ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ.